ಚಂಡೆ ಬಯಲಿಗೆ, ಮದ್ದಳೆ ಚಾವಡಿಗೆ: ವಾದ್ಯದ ಗಾತ್ರವೂ ನಾದದ ಹರವೂ

ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಶಿರೂರಿನಿಂದ ಮೊದಲುಗೊಂಡು ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ವರೆಗೆ ಹಬ್ಬಿರುವ ಕರಾವಳಿಯು ಬಡಗುತಿಟ್ಟು ಯಕ್ಷಗಾನದ ನೆಲೆವೀಡು. ದೀಪಾವಳಿ ಕಳೆದ ಬಳಿಕ ಮಂದಾರ್ತಿ, ಮಾರಣಕಟ್ಟೆ ಮೊದಲಾದ ಮೇಳಗಳು ಹೊರಟು, ಮಳೆಗಾಲ ಹಿಡಿಯುವ ತನಕ ಊರೂರಿನಲ್ಲಿ ಹರಕೆಯ ಆಟಗಳನ್ನು ಆಡುತ್ತವೆ. ಸಂಜೆಯ ವೇಳೆ ‘ಕೇಳಿ’ ಬಡಿದರೆ ಸಾಕು, ಒಂದೆರಡು ಕಿಲೋಮೀಟರು ಆಚೆಯ ಹಳ್ಳಿಯವರಿಗೂ ಇಂದು ಆಟ ಎಲ್ಲಿ ಎಂಬುದು ತಿಳಿದುಬಿಡುತ್ತದೆ. ಇಷ್ಟು ದೂರ ಕೇಳುವ ಚಂಡೆಯಾದರೂ ಭಾರಿ ಗಾತ್ರದ ವಾದ್ಯವೇನಲ್ಲ. ಅದರ ಮುಖ ಹೆಚ್ಚುಕಡಮೆ ಊಟದ ತಟ್ಟೆಯಷ್ಟು ಅಗಲ.

ಅದೇ ಚಂಡೆಯನ್ನು ಸಿಮೆಂಟಿನ ಗೋಡೆ, ಕಾಂಕ್ರೀಟಿನ ಮಾಡು, ನುಣುಪಾದ ನೆಲಹಾಸುಗಳುಳ್ಳ ಸಭಾಭವನದೊಳಕ್ಕೆ ತಂದು ನುಡಿಸಿದರೆ ಬೇರೆಯೇ ಸಂಗತಿಯಾಗುತ್ತದೆ. ಭಾಗವತರ ಪದ್ಯದ ಸಾಹಿತ್ಯ ಕಿವಿಗೆ ಹತ್ತುವುದಿಲ್ಲ. ವೇಷಧಾರಿಯ ಮಾತು ಕಲಸಿಹೋಗುತ್ತದೆ. ಹಿಂದಿನ ಸಾಲಿನವರು ಕೇಳುವುದಿಲ್ಲವೆಂದು ದೂರುತ್ತಾರೆ. ಧ್ವನಿವರ್ಧಕವನ್ನು ಇನ್ನಷ್ಟು ಏರಿಸುತ್ತಾರೆ. ಗೊಂದಲವೂ ಅಷ್ಟೇ ಏರುತ್ತದೆ. ಕಾಲಮಿತಿಯ ಆಟಗಳೂ ಮಳೆಗಾಲದ ಕೂಟಗಳೂ ಈಗ ಸಭಾಭವನಗಳಲ್ಲಿ ನಡೆಯುವುದು ರೂಢಿಯಾಗಿರುವುದರಿಂದ ಈ ತೊಂದರೆಯನ್ನು ಅಲಕ್ಷಿಸುವಂತಿಲ್ಲ. ಮಾತೇ ಜೀವಾಳವಾದ ಕಲೆಯಲ್ಲಿ ಮಾತು ಕೇಳಿಸದಿದ್ದರೆ ಉಳಿಯುವುದೇನು?

ದೊಡ್ಡ ವಾದ್ಯಕ್ಕೆ ದೊಡ್ಡ ಸದ್ದು, ದೊಡ್ಡ ಕೋಣೆಗೆ ದೊಡ್ಡ ವಾದ್ಯ ಎಂಬುದು ಸಾಮಾನ್ಯರ ನಂಬಿಕೆ. ಇದು ಅರ್ಧ ಮಾತ್ರ ನಿಜ. ವಾದ್ಯದ ಗಾತ್ರವು ಮುಖ್ಯವಾಗಿ ನಿರ್ಧರಿಸುವುದು ನಾದದ ಸ್ಥಾಯಿಯನ್ನು, ಮತ್ತು ಯಾವ ಸ್ಥಾಯಿಯ ನಾದ ಗಾಳಿಗೆ ಸುಲಭವಾಗಿ ದಾಟುತ್ತದೆ ಎಂಬುದನ್ನು. ಆ ನಾದವು ಸ್ಥಳವನ್ನು ಹೇಗೆ ತುಂಬುತ್ತದೆ ಎಂಬುದನ್ನು ನಿರ್ಧರಿಸುವುದು ಸ್ಥಳವೇ. ಇವೆರಡನ್ನೂ ಒಂದೊಂದಾಗಿ ವಿಚಾರಿಸೋಣ.

ಮುಚ್ಚಿಗೆಯ ಅಗಲವೂ ಸ್ಥಾಯಿಯೂ

ಚರ್ಮವಾದ್ಯದ ಮುಖಕ್ಕೆ ಬಿಗಿದ ತೊಗಲಿಗೆ ಮುಚ್ಚಿಗೆಯೆಂದು ಹೆಸರು. ಪೆಟ್ಟು ಬಿದ್ದೊಡನೆ ಮುಚ್ಚಿಗೆಯಲ್ಲಿ ಅಲೆಗಳೆದ್ದು ಅಂಚಿನ ವರೆಗೆ ಹೋಗಿ, ಅಲ್ಲಿ ಬಿಗಿಹಿಡಿಯಲ್ಪಟ್ಟಿರುವ ಕಾರಣ ಹಿಂದಿರುಗುತ್ತವೆ. ಈ ಹೋಗಿಬರುವಿಕೆಯಿಂದ ಮುಚ್ಚಿಗೆ ಮೇಲೆ ಕೆಳಗೆ ತುಯ್ಯುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ತುಯ್ಯುತ್ತದೆಯೋ ಅದು ಅದರ ಕಂಪನಸಂಖ್ಯೆ. ಕಂಪನಸಂಖ್ಯೆ ಹೆಚ್ಚಿದಷ್ಟೂ ನಾದದ ಸ್ಥಾಯಿ ಏರುತ್ತದೆ.

ಎಲ್ಲೆಡೆಯೂ ಒಂದೇ ದಪ್ಪವಿರುವ ಮುಚ್ಚಿಗೆಗೆ ಒಂದು ಸರಳ ಸೂತ್ರವುಂಟು: ತೊಗಲಿನಲ್ಲಿ ಅಲೆ ಸಾಗುವ ವೇಗವನ್ನು ಮುಚ್ಚಿಗೆಯ ವ್ಯಾಸದಿಂದ ಭಾಗಿಸಿ 0.765ರಿಂದ ಗುಣಿಸಿದರೆ ಮೂಲ ಕಂಪನಸಂಖ್ಯೆ ದೊರೆಯುತ್ತದೆ. ಅಲೆಯ ವೇಗ ಸೆಕೆಂಡಿಗೆ 100 ಮೀಟರು, ವ್ಯಾಸ 25 ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ಆಗ ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು 306 ಆಗುತ್ತದೆ. ಅದೇ ತೊಗಲನ್ನು ಅದೇ ಬಿಗುವಿನಲ್ಲಿ 50 ಸೆಂಟಿಮೀಟರು ಅಗಲದ ಬಾಯಿಗೆ ಕಟ್ಟಿದರೆ ಕಂಪನಸಂಖ್ಯೆ 153ಕ್ಕೆ ಇಳಿಯುತ್ತದೆ. ಎಂದರೆ ನಾದವು ಒಂದು ಸ್ಥಾಯಿಯಷ್ಟು ಕೆಳಗೆ ಬರುತ್ತದೆ.

ಹಾಗೆಂದು ಸ್ಥಾಯಿಯು ಅಗಲವೊಂದನ್ನೇ ನೆಚ್ಚಿರುವುದಿಲ್ಲ. ಅಲೆಯ ವೇಗವು ಬಿಗುವಿನ ವರ್ಗಮೂಲದಂತೆ ಏರುತ್ತದೆ. ತೊಗಲಿನ ತೂಕದ ವರ್ಗಮೂಲದಂತೆ ಇಳಿಯುತ್ತದೆ. ಆದ್ದರಿಂದ 50 ಸೆಂಟಿಮೀಟರಿನ ಮುಚ್ಚಿಗೆಯನ್ನೂ 306ಕ್ಕೆ ಏರಿಸಬಹುದು. ಆದರೆ ಬಿಗುವನ್ನು ಎರಡರಷ್ಟಲ್ಲ, ನಾಲ್ಕರಷ್ಟು ಮಾಡಬೇಕಾಗುತ್ತದೆ. ತೊಗಲೂ ಬಳ್ಳಿಯೂ ಅಷ್ಟನ್ನು ತಡೆಯಬೇಕಲ್ಲ! ಎತ್ತರದ ನಾದಕ್ಕೆ ಚಿಕ್ಕ ಮುಖ, ತಗ್ಗಿನ ನಾದಕ್ಕೆ ದೊಡ್ಡ ಮುಖ ಎಂಬ ಕುಶಲಕರ್ಮಿಗಳ ನಿಯಮಕ್ಕೆ ಇದೇ ಆಧಾರ. ಇಲ್ಲಿ ಸುತ್ತಲಿನ ಗಾಳಿಯ ಹೊರೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮುಚ್ಚಿಗೆಯು ತನ್ನೊಡನೆ ಗಾಳಿಯನ್ನೂ ಅಲುಗಿಸಬೇಕಾದ್ದರಿಂದ ನಿಜವಾದ ಕಂಪನಸಂಖ್ಯೆ ಇನ್ನೂ ಸ್ವಲ್ಪ ಕಡಮೆಯಾಗುತ್ತದೆ.

ಕರಣೆಯು ಮಾಡುವ ಕೆಲಸ

ಮುಚ್ಚಿಗೆ ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಇಡೀ ಮುಖ ಏಕಕಾಲದಲ್ಲಿ ಉಬ್ಬಿ ಕುಗ್ಗುವುದು ಒಂದು ಬಗೆ. ನಡುವೆ ಅಲುಗದ ಗೆರೆಯೊಂದು ಉಳಿದು, ಒಂದರ್ಧ ಮೇಲೇರಿದಾಗ ಇನ್ನೊಂದರ್ಧ ಕೆಳಗಿಳಿಯುವುದು ಇನ್ನೊಂದು ಬಗೆ. ಹೀಗೆ ಅನೇಕ ಬಗೆಗಳು ಒಟ್ಟಾಗಿ ನಡೆಯುತ್ತವೆ. ತಂತಿಯಲ್ಲಿ ಇಂಥ ಉಪನಾದಗಳ ಕಂಪನಸಂಖ್ಯೆಗಳು 1, 2, 3, 4 ಎಂಬ ಪೂರ್ಣಾಂಕಗಳ ಪ್ರಮಾಣದಲ್ಲಿರುತ್ತವೆ. ಆದುದರಿಂದ ಅವು ಕಿವಿಯಲ್ಲಿ ಒಂದೇ ಸ್ವರವಾಗಿ ಬೆರೆಯುತ್ತವೆ. ಬರಿಯ ತೊಗಲಿನಲ್ಲಾದರೋ ಆ ಪ್ರಮಾಣ 1, 1.59, 2.14, 2.30, 2.65, 2.92 ಎಂದು ಮುಂದುವರಿಯುತ್ತದೆ. ಇವು ಒಂದಕ್ಕೊಂದು ಹೊಂದದ ಕಾರಣ ಸದ್ದು ಹುಟ್ಟುತ್ತದೆಯೇ ಹೊರತು ಸ್ಪಷ್ಟವಾದ ಸ್ವರ ಹುಟ್ಟುವುದಿಲ್ಲ.

ಮೃದಂಗದಂತೆಯೇ ಮದ್ದಳೆಯ ಬಲಮುಚ್ಚಿಗೆಯ ನಡುವೆಯೂ ಕಪ್ಪು ಕರಣೆಯನ್ನು ಪದರ ಪದರವಾಗಿ ಮೆತ್ತಿರುತ್ತಾರೆ. ಇದು ಅಲಂಕಾರಕ್ಕಲ್ಲ. ನಡುವೆ ಹೆಚ್ಚಿದ ಈ ತೂಕವು ಉಪನಾದಗಳ ಕಂಪನಸಂಖ್ಯೆಗಳನ್ನು ಸರಿಸಿ ಪೂರ್ಣಾಂಕಗಳ ಹತ್ತಿರಕ್ಕೆ ತರುತ್ತದೆ. ಈ ರಹಸ್ಯವನ್ನು ಭೌತಶಾಸ್ತ್ರದ ದೃಷ್ಟಿಯಿಂದ ಮೊದಲು ವಿವರಿಸಿದವರು ಸರ್ ಸಿ. ವಿ. ರಾಮನ್ನರು. 1920ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಶಿವಕಾಲಿ ಕುಮಾರರೊಡನೆ ಅವರು ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಲೇಖನವನ್ನು ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಭಾರತದ ಚರ್ಮವಾದ್ಯಗಳನ್ನು ಕುರಿತ ವಿಸ್ತಾರವಾದ ಪ್ರಬಂಧವನ್ನು ಬರೆದರು. ಮುಚ್ಚಿಗೆಯ ಮೇಲೆ ನಯವಾದ ಮರಳನ್ನು ಉದುರಿಸಿದರೆ ಕಣಗಳು ಅಲುಗದ ಗೆರೆಗಳ ಮೇಲೆ ಬಂದು ನಿಲ್ಲುತ್ತವೆ. ಇದರಿಂದ ಕಂಪನದ ಬಗೆಗಳನ್ನು ಕಣ್ಣಾರೆ ಕಾಣಬಹುದು. ಹೀಗೆ ಪರೀಕ್ಷಿಸಿ, ಒಂಬತ್ತು ಬಗೆಯ ಕಂಪನಗಳು ಐದು ಗುಂಪುಗಳಾಗಿ ಸೇರಿ 1, 2, 3, 4, 5 ಎಂಬ ಐದೇ ಸ್ವರಗಳನ್ನು ಕೊಡುತ್ತವೆಂದು ಅವರು ತೋರಿಸಿದರು.

ಮದ್ದಳೆಯನ್ನು ಭಾಗವತರ ಶ್ರುತಿಗೆ ಸೇರಿಸಲು ಸಾಧ್ಯವಾಗುವುದು ಈ ಕಾರಣದಿಂದಲೇ. ಅದರ ನಾದವು ಹಾಡಿನ ಸ್ವರದೊಡನೆ ಬೆರೆಯುತ್ತದೆಯೇ ಹೊರತು ಅದನ್ನು ಮುಚ್ಚಿಹಾಕುವುದಿಲ್ಲ. ಚಂಡೆಯ ಮುಖದಲ್ಲಿ ಇಂಥ ಕರಣೆ ಇಲ್ಲ. ಅದನ್ನು ನುಡಿಸುವುದೂ ಬೆರಳಿನಿಂದಲ್ಲ, ಕೋಲುಗಳಿಂದ. ಗಟ್ಟಿಯಾದ ಕೋಲು ತೊಗಲನ್ನು ಅತ್ಯಲ್ಪ ಕಾಲ ಮಾತ್ರ ಮುಟ್ಟಿ ಹಿಮ್ಮೆಟ್ಟುವುದರಿಂದ ಅದರ ಪೆಟ್ಟಿನಲ್ಲಿ ಎತ್ತರದ ಸ್ಥಾಯಿಯ ಅಂಶಗಳು ಹೇರಳವಾಗಿರುತ್ತವೆ.

ಮುಚ್ಚಿಗೆಯಿಂದ ಗಾಳಿಗೆ

ಮುಚ್ಚಿಗೆ ಎಷ್ಟೇ ಜೋರಾಗಿ ಕಂಪಿಸಿದರೂ ಆ ಚೈತನ್ಯವು ಗಾಳಿಗೆ ದಾಟದಿದ್ದರೆ ನಮಗೆ ಕೇಳಿಸದು. ಇಲ್ಲಿ ಗಾತ್ರವು ಮತ್ತೊಮ್ಮೆ ಪ್ರವೇಶಿಸುತ್ತದೆ. ನಮ್ಮ ಕರಾವಳಿಯ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರು. ಇದನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ತಿಳಿಯುತ್ತದೆ. 100 ಕಂಪನಗಳ ತಗ್ಗು ನಾದದ ಅಲೆ ಮೂರೂವರೆ ಮೀಟರು ಉದ್ದ. 3500 ಕಂಪನಗಳ ಚುರುಕು ನಾದದ ಅಲೆ ಹತ್ತು ಸೆಂಟಿಮೀಟರು ಮಾತ್ರ.

ಅಲೆಯ ಉದ್ದಕ್ಕಿಂತ ಮುಚ್ಚಿಗೆಯ ಸುತ್ತಳತೆ ಬಹಳ ಚಿಕ್ಕದಾಗಿದ್ದರೆ, ಮುಂದಿರುವ ಗಾಳಿಯು ಒತ್ತಡಕ್ಕೆ ಸಿಕ್ಕದೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಕೆರೆಯ ನೀರಿನಲ್ಲಿ ಬೆರಳಾಡಿಸಿದರೆ ದೊಡ್ಡ ತೆರೆ ಏಳದಿರುವಂತೆಯೇ ಇದೂ. 25 ಸೆಂಟಿಮೀಟರು ವ್ಯಾಸದ ಮುಖದ ಸುತ್ತಳತೆ ಸುಮಾರು 78 ಸೆಂಟಿಮೀಟರು; ಇದು ಹೆಚ್ಚುಕಡಮೆ 450 ಕಂಪನಗಳ ನಾದದ ಅಲೆಗೆ ಸಮ. ಇದಕ್ಕಿಂತ ಎತ್ತರದ ನಾದಗಳನ್ನು ಆ ಮುಖವು ಸುಲಭವಾಗಿ ಹೊರಚೆಲ್ಲುತ್ತದೆ, ತಗ್ಗಿನವನ್ನು ಕಷ್ಟದಿಂದ. ಗುಡುಗಿನಂಥ ತಗ್ಗು ನಾದ ಬೇಕಾದರೆ ನಗಾರಿಯಂಥ ಅಗಲವಾದ ಮುಖವೇ ಬೇಕು.

ಮರದ ಒಡಲಿಗೂ ಇಲ್ಲಿ ಪಾತ್ರವಿದೆ. ಮುಚ್ಚಿಗೆ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಇವೆರಡೂ ಅಂಚನ್ನು ಸುತ್ತಿ ಒಂದನ್ನೊಂದು ಸೇರಿದರೆ ತಗ್ಗು ನಾದ ಅಲ್ಲಿಯೇ ಅಳಿದುಹೋಗುತ್ತದೆ. ಬರಿಯ ಬಳೆಗೆ ತೊಗಲು ಬಿಗಿದ ವಾದ್ಯಗಳಲ್ಲಿ ತಗ್ಗು ನಾದ ಕ್ಷೀಣವಾಗಿರುವುದಕ್ಕೆ ಇದೇ ಕಾರಣ. ಮದ್ದಳೆ, ಚಂಡೆಗಳ ಮುಚ್ಚಿದ ಒಡಲು ಈ ಸೇರುವಿಕೆಯನ್ನು ತಡೆಯುತ್ತದೆ.

ಬಯಲಿನಲ್ಲಿ ಚಂಡೆ

ಕೊಯ್ಲಾದ ಗದ್ದೆಯ ಬಯಲಿನಲ್ಲಿ ಶಬ್ದವು ಹೊರಟರೆ ಮರಳಿ ಬರುವುದಿಲ್ಲ. ದೂರವು ಎರಡರಷ್ಟಾದಾಗ ಅದೇ ಚೈತನ್ಯ ನಾಲ್ಕರಷ್ಟು ಹರವಿಗೆ ಹಂಚಿಹೋಗುತ್ತದೆ. ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 100 ಡೆಸಿಬೆಲ್ ಇದ್ದ ಸದ್ದು 32 ಮೀಟರಿನಲ್ಲಿ 70, ಸುಮಾರು ಒಂದು ಕಿಲೋಮೀಟರಿನಲ್ಲಿ 40 ಡೆಸಿಬೆಲ್ ಆಗುತ್ತದೆ. ನೀರವವಾದ ರಾತ್ರಿಯಲ್ಲಿ ಇದು ಕೇಳಿಸಲು ಸಾಕು.

ಮೂರು ಸಂಗತಿಗಳು ಚಂಡೆಗೆ ನೆರವಾಗುತ್ತವೆ. ಮೊದಲನೆಯದಾಗಿ, ಮನುಷ್ಯನ ಕಿವಿ 2000ದಿಂದ 5000 ಕಂಪನಗಳ ನಡುವಣ ನಾದಕ್ಕೆ ಬಹಳ ಚುರುಕು. 100 ಕಂಪನಗಳ ನಾದಕ್ಕೆ ಅಷ್ಟು ಚುರುಕಿಲ್ಲ. ಚಂಡೆಯ ಪೆಟ್ಟಿನಲ್ಲಿ ಈ ಚುರುಕಿನ ಅಂಶಗಳುಂಟು. ಧ್ವನಿವರ್ಧಕ ಬರುವ ಮುನ್ನ ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದುದರ ಮರ್ಮವೂ ಬಹುಮಟ್ಟಿಗೆ ಇದೇ. ಎರಡನೆಯದಾಗಿ, ರಾತ್ರಿ ನೆಲ ತಣಿದು, ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ತಂಪುಗಾಳಿಯಲ್ಲಿ ಶಬ್ದದ ವೇಗ ಕಡಮೆಯಾದ್ದರಿಂದ ಅಲೆಗಳು ಮೇಲಕ್ಕೆ ಹಾರಿಹೋಗದೆ ನೆಲದ ಕಡೆಗೆ ಬಾಗುತ್ತವೆ. ಹಗಲಿನಲ್ಲಿ ಇದಕ್ಕೆ ವಿರುದ್ಧ. ಮೂರನೆಯದಾಗಿ, ರಾತ್ರಿ ನೆಲಗಾಳಿಯು ಭೂಮಿಯಿಂದ ಕಡಲಿನ ಕಡೆಗೆ ಬೀಸುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿ ಶಬ್ದವು ಹೆಚ್ಚು ದೂರ ಕೇಳಿಸುತ್ತದೆ. ಕಡಲಂಚಿನ ಕೇರಿಯವರಿಗೆ ಮೂಡಣ ದಿಕ್ಕಿನ ಆಟದ ಚಂಡೆ ಇರುಳಿನಲ್ಲಿ ಹತ್ತಿರವಾದಂತೆ ತೋರುವುದು ಇದರಿಂದಲೇ.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಬಯಲಿನಲ್ಲಿ ಒಂದು ಪೆಟ್ಟು ಮುಗಿದೊಡನೆ ಅದರ ಸದ್ದೂ ಮುಗಿಯುತ್ತದೆ. ಮುಂದಿನ ಪೆಟ್ಟಿಗೂ, ಅದರ ಬೆನ್ನಿಗೆ ಬರುವ ಮಾತಿಗೂ ಹಾದಿ ತೆರವಾಗಿರುತ್ತದೆ.

ನಾಲ್ಕು ಗೋಡೆಗಳ ನಡುವೆ

ಕೋಣೆಯೊಳಗಾದರೋ ಶಬ್ದವು ಗೋಡೆಯಿಂದ ಗೋಡೆಗೆ, ನೆಲದಿಂದ ಮಾಡಿಗೆ ಪುಟಿಯುತ್ತ, ಪ್ರತಿಯೊಂದು ಬಡಿತದಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಹೀರಲ್ಪಟ್ಟು ಕ್ಷೀಣಿಸುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಶಬ್ದದ ಮಟ್ಟ 60 ಡೆಸಿಬೆಲ್ ಇಳಿಯಲು, ಎಂದರೆ ಚೈತನ್ಯವು ಹತ್ತು ಲಕ್ಷದಲ್ಲೊಂದು ಪಾಲಿಗೆ ಕುಗ್ಗಲು, ಹಿಡಿಯುವ ಕಾಲವೇ ಅನುರಣನ ಕಾಲ.

ಇದರ ನಿಯಮವನ್ನು ಕಂಡುಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಒಂದು ಪದದ ಸದ್ದು ಐದು ಸೆಕೆಂಡುಗಳಿಗೂ ಮಿಕ್ಕಿ ಸುಳಿದಾಡುತ್ತಿತ್ತು. ಉಪನ್ಯಾಸ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ತರುಣ ಅಧ್ಯಾಪಕರಾಗಿದ್ದ ಸೇಬಿನ್ನರ ಪಾಲಿಗೆ ಬಂತು. ಅವರು ಇನ್ನೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ಇರುಳಿನಲ್ಲಿ ಹೊರಿಸಿ ತಂದು, ಮೆತ್ತೆಗಳ ಸಂಖ್ಯೆಯನ್ನು ಹೆಚ್ಚಿಸುತ್ತ, ಆರ್ಗನ್ ಕೊಳವೆಯ ನಾದ ಎಷ್ಟು ಹೊತ್ತಿನಲ್ಲಿ ಅಡಗುತ್ತದೆಂದು ಅಳೆದರು. ಆ ಶ್ರಮದಿಂದ ದೊರೆತ ಸೂತ್ರವಿದು:

ಅನುರಣನ ಕಾಲ = 0.161 × ಕೋಣೆಯ ಘನ ಅಳತೆ ÷ ಒಟ್ಟು ಹೀರಿಕೆ

ಇಲ್ಲಿ ಘನ ಅಳತೆ ಘನ ಮೀಟರುಗಳಲ್ಲಿಯೂ ಹೀರಿಕೆ ಚದರ ಮೀಟರುಗಳಲ್ಲಿಯೂ ಇರಬೇಕು. ಹೀರಿಕೆಗೆ ತೆರೆದ ಕಿಟಕಿಯೇ ಮಾನದಂಡ. ಏಕೆಂದರೆ ಅದರ ಮೂಲಕ ಹೊರಬಿದ್ದ ಶಬ್ದ ಹಿಂದಿರುಗುವುದಿಲ್ಲ. ಒಂದು ಚದರ ಮೀಟರು ಸಿಮೆಂಟು ಗಾರೆಯು 0.03 ಚದರ ಮೀಟರು ತೆರೆದ ಕಿಟಕಿಯಷ್ಟು ಮಾತ್ರ ಹೀರುತ್ತದೆ. ಕುಳಿತಿರುವ ಒಬ್ಬ ಮನುಷ್ಯ ಸುಮಾರು 0.45 ಚದರ ಮೀಟರಿನಷ್ಟು ಹೀರುತ್ತಾನೆ. 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತ ಮಂದಿರವನ್ನು ಈ ಲೆಕ್ಕದ ನೆರವಿನಿಂದಲೇ ರೂಪಿಸಲಾಯಿತು.

ಈಗ ನಮ್ಮ ಕಡೆಯ ಶಾಲೆಯೊಂದರ ಸಭಾಭವನವನ್ನು ಕಲ್ಪಿಸಿಕೊಳ್ಳೋಣ. ಉದ್ದ 20, ಅಗಲ 10, ಎತ್ತರ ನಾಲ್ಕೂವರೆ ಮೀಟರು. ಘನ ಅಳತೆ 900 ಘನ ಮೀಟರು. ನೆಲ, ಮಾಡು, ಗೋಡೆಗಳ ಒಟ್ಟು ವಿಸ್ತೀರ್ಣ 670 ಚದರ ಮೀಟರು. ಎಲ್ಲವೂ ಸಿಮೆಂಟು, ಕಾಂಕ್ರೀಟುಗಳಾದರೆ ಒಟ್ಟು ಹೀರಿಕೆ ಸುಮಾರು 20. ಖಾಲಿ ಭವನದ ಅನುರಣನ ಕಾಲ 7.2 ಸೆಕೆಂಡು! ಐವತ್ತು ಮಂದಿ ಬಂದು ಕುಳಿತರೆ 3.4 ಸೆಕೆಂಡು. ಇನ್ನೂರು ಮಂದಿ ಕುಳಿತರೆ 1.3 ಸೆಕೆಂಡು.

ಇದಕ್ಕೆ ಹೋಲಿಸಿ ಹಳೆಯ ಮನೆಯ ಚಾವಡಿಯನ್ನು ನೋಡೋಣ. ಉದ್ದ 6, ಅಗಲ 4, ಎತ್ತರ 3 ಮೀಟರು. ಒಂದು ಬದಿ ಅಂಗಳಕ್ಕೆ ಪೂರ್ತಿ ತೆರೆದಿದೆ. ತೆರೆದ ಬದಿಯೇ 18 ಚದರ ಮೀಟರು ಹೀರುತ್ತದೆ. ಉಳಿದ ಮೈಗಳನ್ನೂ ಹದಿನೈದು ಮಂದಿಯನ್ನೂ ಸೇರಿಸಿದರೆ ಒಟ್ಟು ಹೀರಿಕೆ 29ರಷ್ಟು. ಅನುರಣನ ಕಾಲ 0.4 ಸೆಕೆಂಡು ಮಾತ್ರ.

ಪೆಟ್ಟಿಗೂ ಪೆಟ್ಟಿಗೂ ನಡುವೆ

ಈ ಅಂಕಿಗಳು ತಾಳಕ್ಕೆ ಏನು ಮಾಡುತ್ತವೆ? ದ್ರುತಗತಿಯಲ್ಲಿ ಚಂಡೆಯ ಮೇಲೆ ಸೆಕೆಂಡಿಗೆ ಹತ್ತು ಪೆಟ್ಟುಗಳು ಬೀಳುತ್ತವೆಂದು ಹಿಡಿಯೋಣ. ಒಂದು ಪೆಟ್ಟಿನಿಂದ ಮುಂದಿನದಕ್ಕೆ ಸೆಕೆಂಡಿನ ಹತ್ತರಲ್ಲೊಂದು ಪಾಲು. ಅಷ್ಟರಲ್ಲಿ ಹಿಂದಿನ ಪೆಟ್ಟಿನ ಅನುರಣನ ಎಷ್ಟು ಇಳಿದಿರುತ್ತದೆ?

ಚಾವಡಿಯಲ್ಲಿ 15 ಡೆಸಿಬೆಲ್.
ಇನ್ನೂರು ಮಂದಿಯಿರುವ ಭವನದಲ್ಲಿ 4.6 ಡೆಸಿಬೆಲ್.
ಐವತ್ತು ಮಂದಿಯಿರುವ ಭವನದಲ್ಲಿ 1.8 ಡೆಸಿಬೆಲ್.
ಖಾಲಿ ಭವನದಲ್ಲಿ 0.8 ಡೆಸಿಬೆಲ್.

ಒಂದು ಡೆಸಿಬೆಲ್ಲಿನ ವ್ಯತ್ಯಾಸವನ್ನು ಕಿವಿ ಗುರುತಿಸುವುದೇ ಕಷ್ಟ. ಆದುದರಿಂದ ಖಾಲಿ ಅಥವಾ ಅರೆಖಾಲಿ ಭವನದಲ್ಲಿ ಪೆಟ್ಟುಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದೇ ಮೊರೆತವಾಗುತ್ತವೆ. ಆ ಮೊರೆತದಡಿಯಲ್ಲಿ ಮಾತಿನ ವ್ಯಂಜನಗಳು ಹುದುಗಿಹೋಗುತ್ತವೆ. ಸ್ವರಗಳು ಬಲವಾದವು, ಹೇಗೋ ಉಳಿಯುತ್ತವೆ. ಕ, ತ, ಪ, ಸ ಮುಂತಾದವು ಕ್ಷಣಿಕವೂ ದುರ್ಬಲವೂ ಆದವು. ಮಾತಿನ ಅರ್ಥವಿರುವುದು ಬಹುಪಾಲು ಅವುಗಳಲ್ಲಿಯೇ.

ಇನ್ನೊಂದು ಸಂಗತಿಯು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಬಯಲಿನಲ್ಲಿ ದೂರ ಹೋದಷ್ಟೂ ಸದ್ದು ಇಳಿಯುತ್ತದೆ, ಕೋಣೆಯಲ್ಲಿ ಹಾಗಲ್ಲ. ವಾದ್ಯದಿಂದ ನೇರವಾಗಿ ಬರುವ ಶಬ್ದ ಇಳಿಯುತ್ತದೆ ನಿಜ. ಆದರೆ ಪುಟಿದ ಶಬ್ದವು ಎಲ್ಲೆಡೆಯೂ ಹೆಚ್ಚುಕಡಮೆ ಸಮವಾಗಿ ತುಂಬಿರುತ್ತದೆ. ಇನ್ನೂರು ಮಂದಿಯಿರುವ ನಮ್ಮ ಭವನದಲ್ಲಿ, ಎಲ್ಲ ದಿಕ್ಕಿಗೂ ಸಮವಾಗಿ ಸದ್ದು ಚೆಲ್ಲುವ ವಾದ್ಯದಿಂದ ಒಂದೂವರೆ ಮೀಟರು ದೂರ ಹೋದೊಡನೆ ಪುಟಿದ ಶಬ್ದವೇ ಮೇಲುಗೈಯಾಗುತ್ತದೆ. ಹೀಗಾಗಿ ಹಿಂದಿನ ಸಾಲಿನವನಿಗೆ ಸದ್ದು ಸಾಲದೆ ಹೋಗುವುದಿಲ್ಲ. ಬೇಕಾದಷ್ಟು ಸದ್ದಿದೆ, ಸ್ಪಷ್ಟತೆ ಇಲ್ಲ. ಅವನು ಕೇಳುವುದಿಲ್ಲವೆಂದರೆ ತಿಳಿಯುವುದಿಲ್ಲವೆಂದು ಅರ್ಥ. ಇಲ್ಲಿ ದೊಡ್ಡ ವಾದ್ಯವನ್ನು ತಂದರೂ, ಧ್ವನಿವರ್ಧಕವನ್ನು ಏರಿಸಿದರೂ ನೇರ ಶಬ್ದದೊಡನೆ ಮೊರೆತವೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಹಿರಿಯರು ಸ್ಥಳಕ್ಕೆ ತಕ್ಕ ವಾದ್ಯವನ್ನು ಆರಿಸಿಕೊಂಡಿದ್ದರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಯಲಾಟಕ್ಕೆ ಚಂಡೆ ಉಂಟು. ಕುಳಿತು ಅರ್ಥ ಹೇಳುವ ಕೂಟಕ್ಕೆ ತಾಳಮದ್ದಳೆಯೆಂದೇ ಹೆಸರು. ಆ ಹೆಸರಿನಲ್ಲಿ ಚಂಡೆಯಿಲ್ಲ, ಈಗ ಕೆಲವು ಕೂಟಗಳಲ್ಲಿ ಅದು ಬರುವುದುಂಟಾದರೂ. ನವರಾತ್ರಿಯಲ್ಲಿ ಬಾಲಕರು ಮನೆಮನೆಗೆ ಬಂದು ಚಾವಡಿಯಲ್ಲಿ ಪ್ರಸಂಗದ ತುಣುಕನ್ನು ನುಡಿಯುವ ಹೂವಿನ ಕೋಲಿಗೂ ಭಾಗವತರೊಡನೆ ಮದ್ದಳೆಯೇ ಜೊತೆ.

ತಗ್ಗು ನಾದದ ಹಟ

ಚಿಕ್ಕ ಕೋಣೆಯಲ್ಲಿ ತಗ್ಗು ನಾದವು ಇನ್ನೊಂದು ತೊಡಕನ್ನು ತರುತ್ತದೆ. ನಾಲ್ಕು ಮೀಟರು ಉದ್ದದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 44, 88, 131 ಕಂಪನಗಳ ನಾದಗಳು ಎದುರು ಗೋಡೆಗಳ ನಡುವೆ ಸ್ಥಿರ ಅಲೆಗಳಾಗಿ ನಿಲ್ಲುತ್ತವೆ. ಮದ್ದಳೆಯ ಎಡಮುಚ್ಚಿಗೆಯ ನಾದದಲ್ಲಿ 88ರ ಸಮೀಪದ ಅಂಶವಿದ್ದರೆ, ಗೋಡೆಯ ಬಳಿಯಲ್ಲಿಯೂ ಕೋಣೆಯ ನಡುವಿನಲ್ಲಿಯೂ ಅದು ಅತಿಯಾಗಿ ಕೇಳುತ್ತದೆ. ಗೋಡೆಯಿಂದ ಒಂದು ಮೀಟರಿನಲ್ಲಿ ಬಹುತೇಕ ಇಲ್ಲವಾಗುತ್ತದೆ. ಕುಳಿತ ಜಾಗವನ್ನು ತುಸು ಬದಲಿಸಿದರೆ ವಾದ್ಯವೇ ಬದಲಾದಂತೆ ತೋರುವುದು ಇದರಿಂದ.

ತೆಳುವಾದ ಬಟ್ಟೆ, ಚಾಪೆಗಳು ಎತ್ತರದ ನಾದವನ್ನು ಹೀರುತ್ತವೆಯೇ ಹೊರತು ತಗ್ಗು ನಾದವನ್ನು ಹೀರಲಾರವು. ಅದಕ್ಕೆ ತಾನೇ ಅಲುಗಬಲ್ಲ ತೆಳು ಹಲಗೆಯೂ ಅದರ ಹಿಂದೆ ಗಾಳಿಯ ಎಡೆಯೂ ಬೇಕು. ನಮ್ಮ ಹಳೆಯ ಮನೆಗಳ ಮರದ ಮುಚ್ಚಿಗೆ ಈ ಕೆಲಸವನ್ನು ಮಾಡುತ್ತಿತ್ತು. ವಾದ್ಯದ ತೊಗಲಿಗೂ ಮನೆಯ ಹಲಗೆಯ ಮಾಳಿಗೆಗೂ ಮುಚ್ಚಿಗೆ ಎಂಬ ಒಂದೇ ಹೆಸರಿರುವುದು ಸ್ವಾರಸ್ಯ: ಒಂದು ಕಂಪಿಸಿ ನಾದವನ್ನು ಕೊಡುತ್ತದೆ, ಇನ್ನೊಂದು ಕಂಪಿಸಿ ಅದನ್ನು ಹೀರುತ್ತದೆ.

ಮಾಡಬಹುದಾದುದು

ಮೇಲಿನ ಭವನದಲ್ಲಿ ಒಂದೂವರೆ ಮೀಟರು ಎತ್ತರ, 1.2 ಮೀಟರು ಅಗಲದ ಹತ್ತು ಕಿಟಕಿಗಳನ್ನು ತೆರೆದರೆ 18 ಚದರ ಮೀಟರು ಹೀರಿಕೆ ಬಿಟ್ಟಿಯಾಗಿ ದೊರೆಯುತ್ತದೆ. 60 ಚದರ ಮೀಟರಿನಷ್ಟು ದಪ್ಪ ಪರದೆಯನ್ನು ನೆರಿಗೆ ಕೊಟ್ಟು, ಗೋಡೆಯಿಂದ ತುಸು ದೂರದಲ್ಲಿ ತೂಗಹಾಕಿದರೆ ಇನ್ನೂ ಸುಮಾರು 30 ಸೇರುತ್ತದೆ. ಆಗ ಇನ್ನೂರು ಮಂದಿಯಿದ್ದಲ್ಲಿ ಅನುರಣನ ಕಾಲ 0.9 ಸೆಕೆಂಡಿಗೆ ಇಳಿಯುತ್ತದೆ. ಮಾತಿಗೆ ಒಂದು ಸೆಕೆಂಡಿನ ಆಸುಪಾಸು ಹಿತಕರವಾದ್ದರಿಂದ ಇಷ್ಟು ಸಾಕು. ಐವತ್ತೇ ಮಂದಿ ಬಂದರೂ ಅದು 3.4ರ ಬದಲು 1.6 ಸೆಕೆಂಡು ಆಗುತ್ತದೆ.

ಚಂಡೆಯನ್ನು ಮೂಲೆಯಲ್ಲಿ ಇಡಬಾರದು. ಮೂಲೆಯ ಗೋಡೆಗಳು ತಗ್ಗು ನಾದವನ್ನು ಇನ್ನಷ್ಟು ಬೆಳೆಸುತ್ತವೆ. ಹಿಮ್ಮೇಳದ ಹಿಂದೆ ಬರಿಯ ಗೋಡೆಯ ಬದಲು ದಪ್ಪ ಪರದೆ ಇರಲಿ. ಒಳಾಂಗಣದಲ್ಲಿ ಚಂಡೆಗೆ ಧ್ವನಿಗ್ರಾಹಕದ ಅಗತ್ಯವಿಲ್ಲ. ಧ್ವನಿವರ್ಧಕವು ಬೇಕಾದರೆ ಒಂದು ದೊಡ್ಡದರ ಬದಲು ಹಲವು ಚಿಕ್ಕವನ್ನು ಕೇಳುಗರ ಸಮೀಪದಲ್ಲಿ ಮೆಲ್ಲಗೆ ನುಡಿಯುವಂತೆ ಇಡುವುದು ಮೇಲು. ಆಗ ನೇರ ಶಬ್ದದ ಪಾಲು ಹೆಚ್ಚುತ್ತದೆ. ಖಾಲಿ ಭವನದಲ್ಲಿ ಮಧ್ಯಾಹ್ನ ಪರೀಕ್ಷಿಸಿ ಹೊಂದಿಸಿದ ಮಟ್ಟವು ಸಂಜೆ ಜನ ತುಂಬಿದಾಗ ಹೊಂದುವುದಿಲ್ಲ. ಖಾಲಿಯಿದ್ದಾಗಿನದಕ್ಕಿಂತ ಇನ್ನೂರು ಮಂದಿಯಿದ್ದಾಗ ಪುಟಿದ ಶಬ್ದ 7 ಡೆಸಿಬೆಲ್ಲಿಗೂ ಮಿಕ್ಕಿ ತಗ್ಗಿರುತ್ತದೆ.

ಕಲಿಯುವ ಹುಡುಗರ ಕಿವಿಯ ರಕ್ಷಣೆಯೂ ಇದರಲ್ಲಿ ಅಡಗಿದೆ. ದಿನಕ್ಕೆ ಎಂಟು ಗಂಟೆಗಳ ಕಾಲ 85 ಡೆಸಿಬೆಲ್ ಸದ್ದು ಕಿವಿಯ ಮೇಲೆ ಬೀಳುವುದನ್ನು ಅಪಾಯದ ಅಂಚೆಂದು ಹಿಡಿದು, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿಯನ್ನು ಅರ್ಧ ಮಾಡುವುದು ತಜ್ಞರ ಒಂದು ಪ್ರಸಿದ್ಧ ನಿಯಮ. ಆ ಪ್ರಕಾರ 100 ಡೆಸಿಬೆಲ್ಲಿಗೆ ದೊರೆಯುವುದು ಹದಿನೈದು ನಿಮಿಷ ಮಾತ್ರ. ಚಿಕ್ಕ ಸಿಮೆಂಟು ಕೋಣೆಯಲ್ಲಿ ನಾಲ್ಕಾರು ಚಂಡೆಗಳ ಅಭ್ಯಾಸ ನಡೆಸುವುದಕ್ಕಿಂತ ತೆರೆದ ಜಗಲಿಯಲ್ಲಿಯೋ ಮರದ ನೆರಳಿನಲ್ಲಿಯೋ ನಡೆಸುವುದು ಕ್ಷೇಮ. ಒಳಗೆ ಅನಿವಾರ್ಯವಾದರೆ ಕಿವಿಗೆ ಬಿರಡೆ ಇಟ್ಟುಕೊಳ್ಳಬೇಕು. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ.

ವಿದ್ಯಾರ್ಥಿಗಳು ತಾವೇ ಇದನ್ನು ಪರೀಕ್ಷಿಸಬಹುದು. ತಮ್ಮ ಶಾಲೆಯ ಭವನದ ಉದ್ದ, ಅಗಲ, ಎತ್ತರಗಳನ್ನು ಅಳೆದು, ಗೋಡೆ, ಕಿಟಕಿ, ಜನರ ಹೀರಿಕೆಯನ್ನು ಕೂಡಿಸಿ ಅನುರಣನ ಕಾಲವನ್ನು ಲೆಕ್ಕಹಾಕಲಿ. ಬಳಿಕ ಖಾಲಿ ಭವನದಲ್ಲಿ ಎರಡು ಹಲಗೆಗಳನ್ನು ಒಮ್ಮೆ ಬಲವಾಗಿ ತಟ್ಟಿ, ಸದ್ದು ಅಡಗುವ ವರೆಗಿನ ಕಾಲವನ್ನು ಗಡಿಯಾರದಲ್ಲಿ ಗುರುತಿಸಲಿ. ಕಿಟಕಿಗಳನ್ನು ತೆರೆದು ಮತ್ತೊಮ್ಮೆ, ಒಂದು ತರಗತಿಯನ್ನು ಕೂರಿಸಿ ಮಗದೊಮ್ಮೆ ತಟ್ಟಿನೋಡಲಿ. ಕಿವಿಯಿಂದ ಅಳೆದ ಕಾಲವು ಲೆಕ್ಕದ ಕಾಲಕ್ಕೆ ಸರಿಯಾಗಿ ಹೊಂದದಿದ್ದರೂ, ಅದು ಕುಗ್ಗುತ್ತ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಊರಿನಲ್ಲಿ ಹೊಸ ಸಭಾಭವನ ಕಟ್ಟುವ ಮಾತು ಬಂದಾಗ, ಕಾಂಕ್ರೀಟು ಸುರಿಯುವ ಮೊದಲೇ ಈ ಒಂದು ಭಾಗಾಕಾರವನ್ನು ಮಾಡಿ ಹಿರಿಯರ ಮುಂದಿಟ್ಟರೆ, ಮುಂದೆ ಅಲ್ಲಿ ಕುಳಿತುಕೊಳ್ಳುವವರಿಗೆ ಚಂಡೆಯೂ ಕೇಳೀತು, ಮಾತೂ ಕೇಳೀತು.